ಹೊಸ ಸವಾರರಿಗೆ ಕೈಗೆಟಕುವ ಮೊದಲ ಬೈಕ್: ಆಯ್ಕೆಯ ಸಮಗ್ರ ಮಾರ್ಗದರ್ಶಿ

ಮೊದಲ ಬೈಕ್ ಕೊಳ್ಳಲು ಹೊರಟವರಲ್ಲಿ ಹೆಚ್ಚಿನವರು ಯಾವುದೋ ಒಂದು ಮಾದರಿಯ ಹೆಸರನ್ನು ಮನಸ್ಸಿನಲ್ಲಿ ಇಟ್ಟುಕೊಂಡೇ ಹುಡುಕಾಟ ಆರಂಭಿಸುತ್ತಾರೆ. ಆಮೇಲೆ ಆ ಹೆಸರಿಗೆ ಹೊಂದುವಂತೆ ತಮ್ಮ ಅಗತ್ಯವನ್ನೂ ಬಜೆಟ್ಟನ್ನೂ ಎಳೆದಾಡುತ್ತಾರೆ. ಈ ಮಾರ್ಗದರ್ಶಿಯ ಕ್ರಮ ಅದಕ್ಕೆ ತಿರುವುಮುರುವಾಗಿದೆ. ಮೊದಲು ಪರವಾನಗಿ ಮತ್ತು ಬಳಕೆ, ನಂತರ ಒಟ್ಟು ಹಣ, ಆಮೇಲೆ ಸವಾರರ ದೇಹದ ಅಳತೆ, ಅದಾದ ಮೇಲೆ ಎಂಜಿನ್ ಮತ್ತು ಬ್ರೇಕ್, ಕಟ್ಟಕಡೆಗೆ ಮಾದರಿ. ಹೊಸಬರ ಕೈಯಲ್ಲಿ ಮೊದಲ ಬೈಕ್ ಒಮ್ಮೆಯಾದರೂ ನಿಂತಲ್ಲೇ ವಾಲಿ ಬೀಳುವ ಸಂಭವವಿದೆ, ಕ್ಲಚ್ ಪ್ಲೇಟ್ ಬೇಗ ಸವೆಯುತ್ತದೆ, ಒಂದೆರಡು ವರ್ಷಗಳ ನಂತರ ಅದು ಬೇರೊಬ್ಬರ ಕೈಸೇರುವುದೂ ಸಾಮಾನ್ಯ. ಹಾಗಾಗಿ ಸವಾರರ ತಪ್ಪನ್ನು ಸಹಿಸಿಕೊಳ್ಳುವ, ಬಿದ್ದರೆ ಕಡಿಮೆ ಖರ್ಚಿನಲ್ಲಿ ದುರಸ್ತಿಯಾಗುವ, ಮಾರುವಾಗ ಬೆಲೆ ಉಳಿಸಿಕೊಳ್ಳುವ ಬೈಕನ್ನೇ ಇಲ್ಲಿ ‘ಕೈಗೆಟಕುವ’ ಬೈಕ್ ಎಂದು ಪರಿಗಣಿಸಲಾಗಿದೆ.

ಹಂತ 1: ಪರವಾನಗಿ ಯಾವ ಬೈಕಿಗೆ ಅವಕಾಶ ಕೊಡುತ್ತದೆ ಎಂಬುದನ್ನು ತಿಳಿಯಿರಿ

ಪರವಾನಗಿಯ ನಿಯಮಗಳು ದೇಶದಿಂದ ದೇಶಕ್ಕೆ ಬದಲಾಗುತ್ತವೆ. ಯುರೋಪಿಯನ್ ಒಕ್ಕೂಟದಲ್ಲಿ ಎ1 ವರ್ಗದ ಪರವಾನಗಿ ಉಳ್ಳವರು 125 ಸಿಸಿ ಹಾಗೂ 11 ಕಿಲೋವ್ಯಾಟ್ ಮೀರದ ಬೈಕ್‌ಗಳನ್ನು ಮಾತ್ರ ಓಡಿಸಬಹುದು. ಎ2 ವರ್ಗದವರಿಗೆ 35 ಕಿಲೋವ್ಯಾಟ್‌ನ ಮಿತಿಯಿದ್ದು, ಶಕ್ತಿಯು ಪ್ರತಿ ಕೆ.ಜಿ. ತೂಕಕ್ಕೆ 0.2 ಕಿಲೋವ್ಯಾಟ್ ದಾಟುವಂತಿಲ್ಲ. ಇಂಥ ಮಿತಿಗಳಿಲ್ಲದ ದೇಶದಲ್ಲಿ ಇರುವವರೂ ಈ ಅಂಕಿಗಳನ್ನು ಗಮನದಲ್ಲಿ ಇಟ್ಟುಕೊಳ್ಳುವುದು ಒಳ್ಳೆಯದು. 11 ಕಿಲೋವ್ಯಾಟ್ ಎಂದರೆ ಸುಮಾರು 15 ಅಶ್ವಶಕ್ತಿ, 35 ಕಿಲೋವ್ಯಾಟ್ ಎಂದರೆ ಸುಮಾರು 47 ಅಶ್ವಶಕ್ತಿ; ಈ ಎರಡರ ನಡುವೆ ಎಲ್ಲೋ ಒಂದು ಕಡೆ ಬಹುಪಾಲು ಹೊಸ ಸವಾರರ ಅಗತ್ಯ ಪೂರೈಸುತ್ತದೆ.

ಹಂತ 2: ವಾರದ ಓಡಾಟವನ್ನು ಬರೆದಿಡಿ

ಒಂದು ಹಾಳೆ ತೆಗೆದುಕೊಂಡು, ಬೈಕ್ ಬಂದ ಮೇಲೆ ಸಾಮಾನ್ಯ ವಾರವೊಂದರಲ್ಲಿ ಎಲ್ಲೆಲ್ಲಿಗೆ, ಎಷ್ಟು ದೂರ, ಎಂಥ ರಸ್ತೆಯಲ್ಲಿ ಹೋಗಲಿದ್ದೀರಿ ಎಂದು ಬರೆಯಿರಿ. ದಟ್ಟ ಸಂಚಾರದಲ್ಲಿ ದಿನವೂ ಹತ್ತಿಪ್ಪತ್ತು ಕಿ.ಮೀ. ಓಡಿಸುವವರಿಗೆ ಹಗುರವಾದ, ಕ್ಲಚ್ ಮೆದುವಾಗಿರುವ, ಹ್ಯಾಂಡಲ್ ಚೆನ್ನಾಗಿ ತಿರುಗುವ ಬೈಕ್ ಬೇಕು. ಹೆದ್ದಾರಿಯಲ್ಲಿ ಪ್ರತಿದಿನ ತಾಸುಗಟ್ಟಲೆ ಸಾಗುವವರಿಗೆ 100 ಸಿಸಿ ಎಂಜಿನ್ ಸಾಲುವುದಿಲ್ಲ, ಏಕೆಂದರೆ ಎಂಜಿನ್ ತನ್ನ ಮಿತಿಯ ಅಂಚಿನಲ್ಲೇ ದುಡಿಯುತ್ತಿರುವಾಗ ಲಾರಿಯೊಂದನ್ನು ಹಿಂದಿಕ್ಕಲು ಬೇಕಾದ ಹೆಚ್ಚುವರಿ ಎಳೆತ ಅದರಲ್ಲಿ ಉಳಿದಿರುವುದಿಲ್ಲ. ಹಿಂಬದಿ ಸವಾರರು ಎಷ್ಟು ಸಲ ಕೂರುತ್ತಾರೆ, ಬೈಕ್ ರಾತ್ರಿ ಎಲ್ಲಿ ನಿಲ್ಲುತ್ತದೆ, ಇಳಿಜಾರಿನಲ್ಲಿ ಹಿಂದಕ್ಕೆ ತಳ್ಳಬೇಕಾಗುತ್ತದೆಯೇ ಎಂಬುದನ್ನೂ ಸೇರಿಸಿ. ವರ್ಷಕ್ಕೆ ಒಮ್ಮೆ ಹೋಗಬಹುದಾದ ದೂರದ ಪ್ರವಾಸವನ್ನು ಈ ಹಾಳೆಯಿಂದ ಹೊರಗಿಡಿ. ಕನಸಿನ ಪ್ರವಾಸಕ್ಕೆಂದು ಕೊಂಡ ಭಾರಿ ಬೈಕ್‌ಗಳು ಉಳಿದ ದಿನಗಳಲ್ಲಿ ಹೊರೆಯಾಗಿಯೇ ನಿಂತಿರುತ್ತವೆ.

ಹಂತ 3: ಒಟ್ಟು ಹಣವನ್ನು ಮೊದಲೇ ವಿಂಗಡಿಸಿ

ಕೈಯಲ್ಲಿರುವ ಹಣವೆಲ್ಲವೂ ಬೈಕಿನ ಬೆಲೆಗೇ ಹೋಗುವಂತೆ ಲೆಕ್ಕ ಹಾಕುವುದು ಹೊಸಬರಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಕಾಣುವ ಎಡವಟ್ಟು. ಒಟ್ಟು ಮೊತ್ತದ ನಾಲ್ಕನೇ ಒಂದು ಭಾಗವನ್ನು ಮೊದಲೇ ಪಕ್ಕಕ್ಕೆ ಇಡಿ. ಹೆಲ್ಮೆಟ್, ಕೈಗವಸು, ಜಾಕೆಟ್, ಕಣಕಾಲು ಮುಚ್ಚುವ ಬೂಟು, ಸಾಧ್ಯವಿದ್ದಲ್ಲಿ ತರಬೇತಿ ಶಾಲೆಯ ಶುಲ್ಕ, ಇವೆಲ್ಲ ಅದರೊಳಗೆ ಬರಬೇಕು. ಉಳಿದ ಮೊತ್ತದಲ್ಲಿ ಬೈಕಿನ ಬೆಲೆ, ನೋಂದಣಿ, ತೆರಿಗೆ, ಮೊದಲ ವರ್ಷದ ವಿಮೆ, ಜೊತೆಗೆ ಅನಿರೀಕ್ಷಿತ ದುರಸ್ತಿಗೆಂದು ಸ್ವಲ್ಪ ಹಣ ಸೇರಿರಬೇಕು. ವಿಮೆಯ ಕಂತು ಸವಾರರ ವಯಸ್ಸು, ಅನುಭವ, ಎಂಜಿನ್ನಿನ ಗಾತ್ರ ಮತ್ತು ಮಾದರಿಯ ಮೇಲೆ ಎಷ್ಟೋ ಪಟ್ಟು ವ್ಯತ್ಯಾಸವಾಗಬಲ್ಲದು. ಆದ್ದರಿಂದ ಬೈಕ್ ಮೆಚ್ಚಿಕೊಳ್ಳುವ ಮುನ್ನವೇ ಅದರ ವಿಮೆಯ ಮೊತ್ತ ವಿಚಾರಿಸಿ.

ಹೆಲ್ಮೆಟ್ ವಿಷಯದಲ್ಲಿ ಉಳಿತಾಯ ಬೇಡ. ಹೆಲ್ಮೆಟ್ ಧರಿಸುವುದರಿಂದ ಸಾವಿನ ಅಪಾಯ ಸುಮಾರು ಶೇ 42ರಷ್ಟು, ತಲೆಗೆ ಪೆಟ್ಟಾಗುವ ಅಪಾಯ ಸುಮಾರು ಶೇ 69ರಷ್ಟು ಕಡಿಮೆಯಾಗುತ್ತದೆ ಎಂದು ಹಲವು ವೈದ್ಯಕೀಯ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ 2008ರ ಕಾಕ್ರೇನ್ ಪರಾಮರ್ಶೆ ಅಂದಾಜಿಸಿತ್ತು. ತಲೆಯ ಅಳತೆಗೆ ಸರಿಯಾಗಿ ಕೂರುವ, ಮಾನ್ಯತೆ ಪಡೆದ ಗುಣಮಟ್ಟದ ಮುದ್ರೆಯುಳ್ಳ, ಗದ್ದವನ್ನೂ ಮುಚ್ಚುವ ಹೆಲ್ಮೆಟ್ ಸಾಕು. ಅದರ ಮೇಲಿನ ಚಿತ್ತಾರಕ್ಕೆ ಹೆಚ್ಚು ಹಣ ಕೊಡಬೇಕಿಲ್ಲ. ಬೇರೊಬ್ಬರು ಬಳಸಿದ ಹೆಲ್ಮೆಟ್ ಮಾತ್ರ ಬೇಡ, ಏಕೆಂದರೆ ಒಮ್ಮೆ ಪೆಟ್ಟು ತಿಂದು ಒಳಗಿನ ಪದರ ಕುಗ್ಗಿದ್ದರೆ ಹೊರಗಿನಿಂದ ಅದು ಗೊತ್ತಾಗುವುದಿಲ್ಲ. ತರಬೇತಿಯನ್ನೂ ಹೀಗೇ ಕಾಣಬೇಕು. ಅಮೆರಿಕದ ಸಂಶೋಧಕ ಹ್ಯಾರಿ ಹರ್ಟ್ ನೇತೃತ್ವದ ತಂಡ ಲಾಸ್ ಏಂಜಲೀಸ್ ಪ್ರದೇಶದ 900ರಷ್ಟು ಬೈಕ್ ಅಪಘಾತಗಳನ್ನು ಸ್ಥಳದಲ್ಲೇ ಪರಿಶೀಲಿಸಿ 1981ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಅಪಘಾತಕ್ಕೆ ಒಳಗಾದ ಸವಾರರಲ್ಲಿ ಶೇ 92ರಷ್ಟು ಮಂದಿ ತಾವಾಗಿಯೇ, ಇಲ್ಲವೇ ಮನೆಯವರಿಂದಲೋ ಗೆಳೆಯರಿಂದಲೋ ಬೈಕ್ ಕಲಿತವರಾಗಿದ್ದರು.

ಓಡಿಸುವ ಖರ್ಚಿನ ವಿಷಯ. 100ರಿಂದ 125 ಸಿಸಿ ಬೈಕ್‌ಗಳು ಲೀಟರಿಗೆ 50 ಕಿ.ಮೀ.ಗಿಂತ ಹೆಚ್ಚು ಓಡುವುದು ಸಾಮಾನ್ಯ. 300ರಿಂದ 400 ಸಿಸಿ ಬೈಕ್‌ಗಳಲ್ಲಿ ಮೈಲೇಜ್ 25ರಿಂದ 35ರ ಆಸುಪಾಸಿಗೆ ಇಳಿಯುತ್ತದೆ. ಆದರೆ ಪೆಟ್ರೋಲಿಗಿಂತ ಗಮನ ತಪ್ಪುವ ಖರ್ಚುಗಳೆಂದರೆ ಟೈರ್, ಚೈನ್ ಸೆಟ್, ಬ್ರೇಕ್ ಪ್ಯಾಡ್ ಮತ್ತು ಸರ್ವಿಸ್. ಒಂದು ಮಾದರಿಯನ್ನು ಪಟ್ಟಿಗೆ ಸೇರಿಸುವ ಮೊದಲು ಅದರ ಹಿಂದಿನ ಟೈರ್, ಚೈನ್ ಸೆಟ್, ಕ್ಲಚ್ ಪ್ಲೇಟ್, ಒಂದು ಬ್ರೇಕ್ ಲಿವರ್, ಒಂದು ಇಂಡಿಕೇಟರ್ ಇಷ್ಟರ ಬೆಲೆಯನ್ನು ಬಿಡಿಭಾಗದ ಅಂಗಡಿಯಲ್ಲಿ ಕೇಳಿ. ಈ ಐದು ಬೆಲೆಗಳು ಆ ಬೈಕನ್ನು ಸಾಕುವುದು ಎಷ್ಟು ದುಬಾರಿ ಎಂಬುದನ್ನು ಯಾವ ಜಾಹೀರಾತಿಗಿಂತಲೂ ಚೆನ್ನಾಗಿ ಹೇಳುತ್ತವೆ. ಬಿಡಿಭಾಗ ತರಿಸಿಕೊಡಲು ವಾರಗಟ್ಟಲೆ ಬೇಕು ಎಂಬ ಉತ್ತರ ಬಂದರೆ, ಬೈಕ್ ಎಷ್ಟೇ ಅಗ್ಗವಾಗಿದ್ದರೂ ಮೊದಲ ಬೈಕಾಗಿ ಅದು ಬೇಡ.

ಹಂತ 4: ದೇಹಕ್ಕೆ ಹೊಂದುತ್ತದೆಯೇ ಎಂದು ಕೂತು ನೋಡಿ

ವಿವರಪಟ್ಟಿಯಲ್ಲಿ ಸೀಟಿನ ಎತ್ತರ ಮಿ.ಮೀ.ಗಳಲ್ಲಿ ಕೊಟ್ಟಿರುತ್ತಾರೆ. ಸಾಮಾನ್ಯ ಬೈಕ್‌ಗಳಲ್ಲಿ ಅದು 780ರಿಂದ 810 ಮಿ.ಮೀ.ವರೆಗೆ, ತಗ್ಗು ಸೀಟಿನ ಭಾರವಾದ ಕ್ರೂಸರ್‌ಗಳಲ್ಲಿ 700ರ ಆಸುಪಾಸು, ಹಾಳಾದ ರಸ್ತೆಗೂ ಒಗ್ಗುವ ಎತ್ತರದ ಅಡ್ವೆಂಚರ್ ಬೈಕ್‌ಗಳಲ್ಲಿ 820 ದಾಟಿ ಇರುತ್ತದೆ. ಆದರೆ ಅಂಕಿಯೊಂದನ್ನೇ ನಂಬುವಂತಿಲ್ಲ. ಸೀಟು ಮುಂಭಾಗದಲ್ಲಿ ಅಗಲವಾಗಿದ್ದರೆ ತೊಡೆಗಳು ಹೊರಚಾಚಿ ಕಾಲು ನೆಲಕ್ಕೆ ಎಟುಕುವುದಿಲ್ಲ. ಕಿರಿದಾಗಿದ್ದರೆ ಇನ್ನೂ 20 ಮಿ.ಮೀ. ಎತ್ತರದ ಸೀಟಿನ ಮೇಲೂ ಪಾದ ಸಲೀಸಾಗಿ ಊರುತ್ತದೆ. ಓಡಿಸುವಾಗ ಹಾಕಿಕೊಳ್ಳುವ ಬೂಟಿನಲ್ಲೇ ಕೂತು ನೋಡಬೇಕು. ಎರಡೂ ಪಾದಗಳ ಮುಂಭಾಗ ನೆಲಕ್ಕೆ ಭದ್ರವಾಗಿ ಊರಿದರೆ ಅಥವಾ ಒಂದು ಪಾದವಾದರೂ ಪೂರ್ತಿ ಊರಿದರೆ ಸಾಕು. ಹೊಸಬರಿಗೆ ಎರಡೂ ಪಾದ ಪೂರ್ತಿ ಊರಿದಷ್ಟು ಧೈರ್ಯ ಹೆಚ್ಚು ಎಂಬುದು ನಿಜವೇ, ಆದರೂ ಅದಕ್ಕಾಗಿ ಮಂಡಿ ಮಡಚಿ ಕೂರಬೇಕಾದಷ್ಟು ಚಿಕ್ಕ ಬೈಕ್ ಕೊಂಡರೆ ಅರ್ಧ ತಾಸಿನಲ್ಲೇ ಕಾಲು ಹಿಡಿದುಕೊಳ್ಳುತ್ತದೆ.

ತೂಕದ ಪ್ರಶ್ನೆ ಇದಕ್ಕಿಂತ ಮುಖ್ಯ. ಎರಡು ಬೈಕ್‌ಗಳನ್ನು ಹೋಲಿಸುವಾಗ ಎಣ್ಣೆ, ಪೆಟ್ರೋಲ್, ಬ್ಯಾಟರಿ ಎಲ್ಲವೂ ಸೇರಿದ ಕರ್ಬ್ ತೂಕವನ್ನೇ ನೋಡಿ. ಒಣ ತೂಕವೆಂದು ಕೆಲವು ಕಡೆ ಕೊಡುವ ಅಂಕಿ ಅದಕ್ಕಿಂತ ಕಡಿಮೆ ಇರುತ್ತದೆ. 15 ಲೀಟರ್ ಪೆಟ್ರೋಲೇ ಸುಮಾರು 11 ಕೆ.ಜಿ. ತೂಗುತ್ತದೆ, ಅದೂ ಬೈಕಿನ ಎತ್ತರದ ಭಾಗದಲ್ಲಿ. ಎಂಜಿನ್ ಆಫ್ ಮಾಡಿ, ಸ್ಟ್ಯಾಂಡ್ ತೆಗೆದು, ಬೈಕಿನ ಎಡಗಡೆ ನಿಂತು ಅದನ್ನು ಹತ್ತು ಹೆಜ್ಜೆ ಮುಂದಕ್ಕೆ, ಹತ್ತು ಹೆಜ್ಜೆ ಹಿಂದಕ್ಕೆ ತಳ್ಳಿ, ಹ್ಯಾಂಡಲ್ ಪೂರ್ತಿ ತಿರುಗಿಸಿ ಒಂದು ಸುತ್ತು ಹಾಕಿಸಿ. ಉಸಿರು ಕಟ್ಟಿದಂತಾದರೆ ಅಥವಾ ಬೈಕ್ ನಿಮ್ಮನ್ನೇ ಎಳೆಯುತ್ತಿದೆ ಎನಿಸಿದರೆ ಇನ್ನೂ ಹಗುರವಾದದ್ದನ್ನು ಹುಡುಕಿ. ಸೀಟಿನ ಮೇಲೆ ಕೂತು ಹೊರಲಾರದ ತೂಕ ಎಂಬುದಿಲ್ಲ, ನಡೆಸಿಕೊಂಡು ಹೋಗುವಾಗಲೇ ಅದರ ನಿಜ ತಿಳಿಯುತ್ತದೆ. ನನ್ನ ಅಭಿಪ್ರಾಯದಲ್ಲಿ ಹೊಸಬರು 160 ಕೆ.ಜಿ. ಒಳಗೆ ಇರುವುದು ಕ್ಷೇಮ.

ಹಂತ 5: ಎಂಜಿನ್ನಿನ ಗಾತ್ರವೊಂದನ್ನೇ ನೋಡಬೇಡಿ

ಸಿಸಿ ಎಂಬುದು ಸಿಲಿಂಡರಿನ ಒಳಗಾತ್ರದ ಅಳತೆ. ಬೈಕ್ ಎಷ್ಟು ಚುರುಕು ಎಂಬುದನ್ನು ಅದೊಂದೇ ತಿಳಿಸುವುದಿಲ್ಲ. 2021ರ ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350ರ ಎಂಜಿನ್ 349 ಸಿಸಿ. ಶಕ್ತಿ ಸುಮಾರು 20 ಅಶ್ವಶಕ್ತಿ, ತೂಕ 195 ಕೆ.ಜಿ. ಅದಕ್ಕಿಂತ 24 ಸಿಸಿ ಮಾತ್ರ ಹೆಚ್ಚಿರುವ 373 ಸಿಸಿಯ ಹಳೆಯ ಕೆಟಿಎಂ 390 ಡ್ಯೂಕ್ ಸುಮಾರು 43 ಅಶ್ವಶಕ್ತಿ ಕೊಡುತ್ತದೆ, ತೂಕವೂ ಕ್ಲಾಸಿಕ್‌ಗಿಂತ ಸಾಕಷ್ಟು ಕಡಿಮೆ. ಎರಡೂ ಸಿಂಗಲ್ ಸಿಲಿಂಡರ್ ಬೈಕ್‌ಗಳೇ, ಆದರೆ ಒಂದರಲ್ಲಿ ಆಕ್ಸಿಲರೇಟರ್ ಅರಿವಿಲ್ಲದೆ ತಿರುವಿದರೆ ಬೈಕ್ ಗುಡುಗಿ ಮುಂದೆ ಸಾಗುತ್ತದೆ, ಇನ್ನೊಂದರಲ್ಲಿ ಮುಂಚಕ್ರವೇ ಹಗುರವಾಗಬಹುದು. ಹೊಸಬರ ಮಣಿಕಟ್ಟಿಗೆ ಇನ್ನೂ ಲೆಕ್ಕ ಸಿಕ್ಕಿರುವುದಿಲ್ಲ. ಗುಂಡಿಯ ಮೇಲೆ ಹಾಯ್ದಾಗ ಕೈ ತಾನಾಗಿ ಆಕ್ಸಿಲರೇಟರನ್ನು ಎಳೆದುಬಿಡುತ್ತದೆ. ಆ ಕ್ಷಣದಲ್ಲಿ ಬೈಕ್ ಎಷ್ಟು ಮುನ್ನುಗ್ಗುತ್ತದೆ ಎಂಬುದೇ ಶಕ್ತಿಯ ಆಯ್ಕೆಯಲ್ಲಿ ಕೇಳಬೇಕಾದ ಪ್ರಶ್ನೆ. ಹಾಗಾಗಿ ಶಕ್ತಿ ಮತ್ತು ತೂಕವನ್ನು ಒಟ್ಟಿಗೆ ಇಟ್ಟು ನೋಡಿ, ಗರಿಷ್ಠ ಟಾರ್ಕ್ (ಎಂಜಿನ್ನಿನ ತಿರುಗಿಸುವ ಬಲ) ಎಷ್ಟು ಆರ್‌ಪಿಎಂನಲ್ಲಿ (ನಿಮಿಷಕ್ಕೆ ಎಂಜಿನ್ ಸುತ್ತುವ ಸುತ್ತುಗಳಲ್ಲಿ) ಸಿಗುತ್ತದೆ ಎಂಬುದನ್ನೂ ಓದಿ. ಕಡಿಮೆ ಆರ್‌ಪಿಎಂನಲ್ಲೇ ಎಳೆಯುವ ಎಂಜಿನ್ ದಟ್ಟಣೆಯಲ್ಲಿ ಪದೇಪದೇ ಆಫ್ ಆಗುವುದಿಲ್ಲ, ಗೇರ್ ಬದಲಿಸುವ ಶ್ರಮವೂ ಕಡಿಮೆ.

ಊರೊಳಗಿನ ಓಡಾಟಕ್ಕೆ 110ರಿಂದ 160 ಸಿಸಿ, ಊರಿನ ಜೊತೆಗೆ ಹೆದ್ದಾರಿಯೂ ಇದ್ದರೆ 160ರಿಂದ 250 ಸಿಸಿ, ಬಹುಪಾಲು ಹೆದ್ದಾರಿಯೇ ಆದರೆ 300ರಿಂದ 400 ಸಿಸಿಯ ಮೃದು ಸ್ವಭಾವದ ಎಂಜಿನ್, ಹೀಗೆ ಸ್ಥೂಲವಾಗಿ ವಿಂಗಡಿಸಿಕೊಳ್ಳಬಹುದು. ‘ಚಿಕ್ಕ ಬೈಕ್ ಬೇಗ ಬೇಸರವಾಗುತ್ತದೆ, ಮೊದಲೇ ದೊಡ್ಡದು ಕೊಂಡುಬಿಡಿ’ ಎಂಬ ಸಲಹೆ ಎಲ್ಲ ಕಡೆ ಸಿಗುತ್ತದೆ. ಇದನ್ನು ಒಪ್ಪಲು ನನಗೆ ಕಾರಣ ಕಾಣುವುದಿಲ್ಲ. ಚೆನ್ನಾಗಿ ಬೆಲೆ ನಿಲ್ಲುವ ಚಿಕ್ಕ ಬೈಕನ್ನು ಎರಡು ವರ್ಷ ಓಡಿಸಿ ಮಾರಿದರೆ ಆಗುವ ನಷ್ಟ, ದೊಡ್ಡ ಬೈಕನ್ನು ಒಮ್ಮೆ ಬೀಳಿಸಿದಾಗ ಆಗುವ ಖರ್ಚಿಗಿಂತ ಎಷ್ಟೋ ಸಲ ಕಡಿಮೆಯೇ ಇರುತ್ತದೆ.

ತಾಂತ್ರಿಕತೆಯಲ್ಲಿ ಹೊಸಬರು ತಲೆ ಕೆಡಿಸಿಕೊಳ್ಳಬೇಕಾದದ್ದು ಕಡಿಮೆ. ಗಾಳಿಯಿಂದ ತಣಿಯುವ ಸಿಂಗಲ್ ಸಿಲಿಂಡರ್ ಎಂಜಿನ್‌ನಲ್ಲಿ ರೇಡಿಯೇಟರ್, ಪಂಪ್, ಕೂಲೆಂಟ್ (ಎಂಜಿನ್ ತಣಿಸುವ ದ್ರವ) ಇರುವುದಿಲ್ಲವಾದ್ದರಿಂದ ನಿರ್ವಹಣೆ ಸುಲಭ. ಯಾವ ಮೆಕ್ಯಾನಿಕ್ ಆದರೂ ಬಿಚ್ಚಿ ಜೋಡಿಸಬಲ್ಲರು. ಪೆಟ್ರೋಲನ್ನು ಗಾಳಿಯೊಂದಿಗೆ ಬೆರೆಸುವ ಕಾರ್ಬ್ಯುರೇಟರ್ ಇರುವ ಹಳೆಯ ಬೈಕ್‌ಗಳು ಚಳಿಯಲ್ಲಿ ಸ್ಟಾರ್ಟ್ ಆಗಲು ಹಟ ಮಾಡುತ್ತವೆ, ಆ ಕೆಲಸವನ್ನು ಎಲೆಕ್ಟ್ರಾನಿಕ್ ವ್ಯವಸ್ಥೆಯೇ ಮಾಡುವ ಫ್ಯೂಯೆಲ್ ಇಂಜೆಕ್ಷನ್ ಬೈಕ್‌ಗಳಲ್ಲಿ ಆ ತಾಪತ್ರಯ ಕಡಿಮೆ. ಕ್ಲಚ್ ಹಿಡಿಯುವುದೇ ಕಷ್ಟವೆನಿಸುವವರಿಗೆ ಅರೆ ಸ್ವಯಂಚಾಲಿತ ಬೈಕ್‌ಗಳೂ ಇವೆ. 1958ರಲ್ಲಿ ಬಂದ ಹೋಂಡಾ ಸೂಪರ್ ಕಬ್‌ನಲ್ಲಿ ಕ್ಲಚ್ ಲಿವರ್ ಇಲ್ಲ, ಗೇರನ್ನು ಕಾಲಿನಿಂದ ಒತ್ತಿದರೆ ಸಾಕು; ಆ ಸರಣಿಯ ತಯಾರಿಕೆ 2017ರಲ್ಲಿ 10 ಕೋಟಿ ದಾಟಿತು ಎಂಬುದರಿಂದಲೇ ಸರಳ ಬೈಕಿಗೆ ಇರುವ ಬೇಡಿಕೆ ಊಹಿಸಬಹುದು. ಬಹುಪಾಲು ವಿದ್ಯುತ್ ಬೈಕ್‌ಗಳಲ್ಲಿ ಕ್ಲಚ್, ಗೇರ್ ಎರಡೂ ಇರುವುದಿಲ್ಲವಾದರೂ ದಿನದ ದೂರ, ಚಾರ್ಜ್ ಮಾಡುವ ಜಾಗ, ಬ್ಯಾಟರಿಯ ವಾರಂಟಿ ಈ ಮೂರೂ ಹೊಂದಿದರೆ ಮಾತ್ರ ಅತ್ತ ನೋಡಿ. ಬಳಸಿದ ವಿದ್ಯುತ್ ಬೈಕಿನ ಬ್ಯಾಟರಿ ಎಷ್ಟು ಸವೆದಿದೆ ಎಂಬುದನ್ನು ಹೊಸಬರು ಅಳೆಯುವುದು ಕಷ್ಟ.

ಹಂತ 6: ಬೈಕಿನ ಬಗೆ

ನೆಟ್ಟಗೆ ಕೂರುವ, ಹ್ಯಾಂಡಲ್ ಎತ್ತರವಾಗಿರುವ, ಮೈಮೇಲೆ ಪ್ಲಾಸ್ಟಿಕ್ ಹೊದಿಕೆ ಕಡಿಮೆ ಇರುವ ಸಾಮಾನ್ಯ ಬೈಕೇ ಕಲಿಕೆಗೆ ಸೂಕ್ತ. ಸ್ಪೋರ್ಟ್ಸ್ ಬೈಕಿನಲ್ಲಿ ಮುಂದಕ್ಕೆ ಬಾಗಿ ಕೂರಬೇಕು, ಹ್ಯಾಂಡಲ್ ಹೆಚ್ಚು ತಿರುಗುವುದಿಲ್ಲ, ಒಮ್ಮೆ ವಾಲಿ ಬಿದ್ದರೂ ಫೇರಿಂಗ್ ಎಂಬ ಪ್ಲಾಸ್ಟಿಕ್ ಹೊದಿಕೆ ಒಡೆದು ದುಬಾರಿಯಾಗುತ್ತದೆ. ಕ್ರೂಸರ್‌ಗಳಲ್ಲಿ ಸೀಟು ತಗ್ಗಾಗಿದ್ದು ಕುಳ್ಳಗಿನವರಿಗೆ ಅನುಕೂಲ, ಆದರೆ ತೂಕ ಹೆಚ್ಚು, ತಿರುವಿಗೆ ಹೆಚ್ಚು ಜಾಗ ಬೇಕು. ಅಡ್ವೆಂಚರ್ ಬೈಕ್‌ಗಳು ಹಾಳಾದ ರಸ್ತೆಯಲ್ಲಿ ಸುಖಕರವಾದರೂ ಎತ್ತರದ್ದೇ ಸಮಸ್ಯೆ.

ಹಂತ 7: ಬ್ರೇಕ್ ಮತ್ತು ಟೈರ್

ವೇಗ ಇಮ್ಮಡಿಯಾದರೆ ಬ್ರೇಕ್ ಹಾಕಿದ ಮೇಲೆ ನಿಲ್ಲಲು ಬೇಕಾದ ದೂರ ನಾಲ್ಕು ಪಟ್ಟಾಗುತ್ತದೆ. 60 ಕಿ.ಮೀ. ವೇಗದಲ್ಲಿ ಸಾಗುತ್ತಿರುವ ಸವಾರರು ಅಪಾಯ ಕಂಡು ಬ್ರೇಕ್ ಹಿಡಿಯಲು ಒಂದು ಸೆಕೆಂಡ್ ತೆಗೆದುಕೊಂಡರೆ ಆ ಸೆಕೆಂಡಿನಲ್ಲೇ ಬೈಕ್ ಸುಮಾರು 17 ಮೀಟರ್ ಹೋಗಿಬಿಟ್ಟಿರುತ್ತದೆ. ಗಾಬರಿಯಲ್ಲಿ ಹೊಸಬರು ಮುಂದಿನ ಬ್ರೇಕನ್ನು ಗಟ್ಟಿಯಾಗಿ ಹಿಂಡಿದಾಗ ಚಕ್ರ ಕಚ್ಚಿಕೊಂಡು ಬೈಕ್ ಜಾರುತ್ತದೆ. ಇದನ್ನು ತಡೆಯುವುದೇ ಎಬಿಎಸ್‌ನ (ಆಂಟಿ-ಲಾಕ್ ಬ್ರೇಕಿಂಗ್ ವ್ಯವಸ್ಥೆಯ) ಕೆಲಸ. ಆದ್ದರಿಂದ ಬೇರೆ ಯಾವ ಸೌಕರ್ಯ ಬಿಟ್ಟರೂ ಸರಿ, ಮುಂಚಕ್ರಕ್ಕಾದರೂ ಡಿಸ್ಕ್ ಬ್ರೇಕ್ ಮತ್ತು ಎಬಿಎಸ್ ಇರುವ ಬೈಕ್ ಆರಿಸಿ. ಯುರೋಪಿಯನ್ ಒಕ್ಕೂಟದಲ್ಲಿ 125 ಸಿಸಿ ಮೀರಿದ ಹೊಸ ಮಾದರಿಗಳಿಗೆ 2016ರಿಂದ, ಭಾರತದಲ್ಲಿ 125 ಸಿಸಿ ಮೀರಿದ ಬೈಕ್‌ಗಳಿಗೆ 2019ರ ಏಪ್ರಿಲ್‌ನಿಂದ ಎಬಿಎಸ್ ಕಡ್ಡಾಯವಾಗಿದೆ. ಅದಕ್ಕಿಂತ ಹಿಂದಿನ ಸೆಕೆಂಡ್ ಹ್ಯಾಂಡ್ ಬೈಕ್ ನೋಡುವವರು ಎಬಿಎಸ್ ಇದೆಯೇ ಎಂದು ಪ್ರತ್ಯೇಕವಾಗಿ ಕೇಳಬೇಕು. ಅಲಾಯ್ ಚಕ್ರ ಮತ್ತು ಟ್ಯೂಬ್‌ಲೆಸ್ ಟೈರ್ ಇದ್ದರೆ ಪಂಕ್ಚರ್ ಆದಾಗ ಗಾಳಿ ನಿಧಾನವಾಗಿ ಇಳಿಯುತ್ತದೆ, ಚಕ್ರ ಬಿಚ್ಚದೆಯೇ ಪಂಕ್ಚರ್ ಹಾಕಬಹುದು.

ಹಂತ 8: ಹೊಸದೋ, ಸೆಕೆಂಡ್ ಹ್ಯಾಂಡೋ

ಯಾವುದೇ ಬೈಕಿನ ಬೆಲೆ ಅತಿ ವೇಗವಾಗಿ ಇಳಿಯುವುದು ಮೊದಲ ಕೆಲವು ವರ್ಷಗಳಲ್ಲಿ. ಮೂರರಿಂದ ಐದು ವರ್ಷ ಹಳೆಯ, ಒಬ್ಬರೇ ಬಳಸಿದ, ಹೆಚ್ಚು ಮಾರಾಟವಾಗಿರುವ ಮಾದರಿಯ ಬೈಕ್ ಕೊಂಡರೆ ಆ ನಷ್ಟ ಬಹುಪಾಲು ಮೊದಲ ಮಾಲೀಕರ ಪಾಲಿಗೆ ಹೋಗಿರುತ್ತದೆ. ಮೊದಲ ಗೀರು ಬಿದ್ದಾಗ ಮನಸ್ಸೂ ಅಷ್ಟಾಗಿ ಮುದುಡುವುದಿಲ್ಲ. ಆದರೆ ಇದಕ್ಕೊಂದು ಷರತ್ತಿದೆ. ಬೈಕ್ ಪರೀಕ್ಷಿಸಲು ಬಲ್ಲ ಮೆಕ್ಯಾನಿಕ್ ಅಥವಾ ಅನುಭವಿ ಸವಾರರು ಜೊತೆಗೆ ಬರುವಂತಿದ್ದರೆ ಮಾತ್ರ ಸೆಕೆಂಡ್ ಹ್ಯಾಂಡ್ ಲಾಭಕರ. ಹಾಗೆ ಯಾರೂ ಇಲ್ಲದವರು ವಾರಂಟಿ ಇರುವ ಚಿಕ್ಕ ಹೊಸ ಬೈಕನ್ನೇ ಕೊಳ್ಳಲಿ. ಸೈಲೆನ್ಸರ್ ಬದಲಿಸಿದ, ಹ್ಯಾಂಡಲ್ ಕತ್ತರಿಸಿದ, ವೈರಿಂಗ್‌ಗೆ ಕೈಹಾಕಿ ದೀಪಗಳನ್ನು ಸೇರಿಸಿದ ಬೈಕ್‌ಗಳಿಂದ ದೂರವಿರಿ. ಅವುಗಳ ಹಿಂದೆ ಎಂಥ ಓಡಾಟ ನಡೆದಿದೆ ಎಂದು ಹೇಳುವವರಿಲ್ಲ. ಸಾಲ ಮಾಡಿ ಕೊಳ್ಳುವುದಾದರೆ ಕಂತಿನ ಅವಧಿ, ಆ ಬೈಕನ್ನು ಇಟ್ಟುಕೊಳ್ಳಬೇಕೆಂದಿರುವ ಅವಧಿಗಿಂತ ಕಡಿಮೆ ಇರಲಿ.

ಹಂತ 9: ಹಳೆಯ ಬೈಕನ್ನು ಪರೀಕ್ಷಿಸುವ ಬಗೆ

ಹಗಲು ಬೆಳಕಿನಲ್ಲಿ, ಮಳೆ ಇಲ್ಲದಾಗ ಹೋಗಿ. ಬೈಕನ್ನು ಮೊದಲೇ ಸ್ಟಾರ್ಟ್ ಮಾಡಿ ಇಡಬೇಡಿ ಎಂದು ಮಾರುವವರಿಗೆ ತಿಳಿಸಿರಿ. ತಲುಪಿದ ಕೂಡಲೇ ಎಂಜಿನ್ನಿನ ಹತ್ತಿರ ಅಂಗೈ ಹಿಡಿದು, ಬಿಸಿ ಇಲ್ಲವೆಂದು ಖಾತ್ರಿಯಾದ ಮೇಲೆ ಮುಟ್ಟಿ ನೋಡಿ. ಬೆಚ್ಚಗಿದ್ದರೆ ತಣ್ಣಗಿನ ಎಂಜಿನ್ನಿನ ದೋಷಗಳು ಮರೆಯಾಗಿರುತ್ತವೆ. ಕಾರಣ ಕೇಳಿ, ಬೇಕಿದ್ದರೆ ಇನ್ನೊಂದು ದಿನ ಬನ್ನಿ. ಬೈಕನ್ನು ನೆಟ್ಟಗೆ ನಿಲ್ಲಿಸಿ ಎಂಜಿನ್ ಆಯಿಲ್ ಮಟ್ಟ ನೋಡಿ. ಆಯಿಲ್ ಹಾಲು ಬೆರೆಸಿದಂತೆ ಬೆಳ್ಳಗಿದ್ದರೆ ಅದರೊಳಗೆ ನೀರು ಅಥವಾ ಕೂಲೆಂಟ್ ಸೇರಿದೆ ಎಂದರ್ಥ, ಅಲ್ಲಿಗೆ ಮಾತು ಮುಗಿಸಬಹುದು. ಸ್ಟಾರ್ಟ್ ಮಾಡುವಾಗ ಒಬ್ಬರು ಸೈಲೆನ್ಸರಿನ ಹಿಂದೆ ನಿಲ್ಲಬೇಕು. ನೀಲಿ ಹೊಗೆ ಬಂದರೆ ಎಂಜಿನ್ ಆಯಿಲ್ ಉರಿಯುತ್ತಿದೆ, ಕಪ್ಪು ಹೊಗೆಯಾದರೆ ಪೆಟ್ರೋಲ್ ಹೆಚ್ಚು ಹೋಗುತ್ತಿದೆ. ಚಳಿಯಲ್ಲಿ ಮೊದಲೆರಡು ನಿಮಿಷ ಬರುವ ತೆಳು ಬಿಳಿ ಆವಿ ಸಹಜ, ಎಂಜಿನ್ ಬಿಸಿಯಾದ ಮೇಲೂ ದಟ್ಟ ಬಿಳಿ ಹೊಗೆ ನಿಲ್ಲದಿದ್ದರೆ ಕೂಲೆಂಟ್ ಇರುವ ಎಂಜಿನ್‌ನಲ್ಲಿ ಅದು ದೊಡ್ಡ ದುರಸ್ತಿಯ ಸೂಚನೆ.

ಚೈನ್ ನೋಡುವುದರಲ್ಲಿ ಮಾಲೀಕರ ಸ್ವಭಾವವೇ ತಿಳಿಯುತ್ತದೆ. ಹಿಂದಿನ ಸ್ಪ್ರಾಕೆಟ್ಟಿನ (ಚೈನ್ ಕೂರುವ ಹಲ್ಲಿನ ಚಕ್ರದ) ತೀರ ಹಿಂತುದಿಯಲ್ಲಿ, ಚೈನಿನ ಒಂದು ಕೊಂಡಿಯನ್ನು ಬೆರಳಿನಿಂದ ಹಿಡಿದು ಹಿಂದಕ್ಕೆ ಎಳೆಯಿರಿ. ಚೈನ್ ಹಲ್ಲಿಗೆ ಅಂಟಿಕೊಂಡೇ ಇದ್ದರೆ ಒಳ್ಳೆಯದು. ಹಲ್ಲಿನ ಅರ್ಧದಷ್ಟು ಹೊರಗೆ ಕಾಣುವಂತೆ ಮೇಲೆದ್ದು ಬಂದರೆ ಚೈನ್ ಆಯುಷ್ಯ ಮುಗಿದಿದೆ. ಹಲ್ಲುಗಳ ತುದಿ ಚೂಪಾಗಿ ಒಂದೇ ದಿಕ್ಕಿಗೆ ಕೊಕ್ಕೆಯಂತೆ ಬಾಗಿದ್ದರೂ ಅಷ್ಟೇ. ಇನ್ನು ಚಕ್ರವನ್ನು ನಿಧಾನವಾಗಿ ತಿರುಗಿಸುತ್ತ ಕೆಳಗಿನ ಸಾಲಿನ ಸಡಿಲವನ್ನು ಬೇರೆಬೇರೆ ಕಡೆ ನೋಡಿ. ಒಂದು ಕಡೆ ಬಿಗಿ, ಇನ್ನೊಂದು ಕಡೆ ಜೋತು ಬಿದ್ದಿದ್ದರೆ ಅದು ಸರಿಪಡಿಸಲು ಬರುವ ದೋಷವಲ್ಲ. ಚೈನ್ ಮತ್ತು ಎರಡೂ ಸ್ಪ್ರಾಕೆಟ್‌ಗಳನ್ನು ಒಟ್ಟಿಗೇ ಬದಲಿಸಬೇಕಾಗುತ್ತದೆ. ಚೈನ್ ತುಕ್ಕು ಹಿಡಿದು ಒಣಗಿ ನಿಂತಿದ್ದರೆ, ಕಣ್ಣಿಗೆ ಕಾಣುವ ಈ ಭಾಗವನ್ನೇ ಗಮನಿಸದವರು ಕಾಣದ ಆಯಿಲನ್ನು ಹೊತ್ತಿಗೆ ಸರಿಯಾಗಿ ಬದಲಿಸಿರುತ್ತಾರೆಂದು ನಂಬುವುದು ಕಷ್ಟ.

ಮುಂಚಕ್ರವನ್ನು ಹಿಡಿದಿರುವ ಫೋರ್ಕಿನ ಹೊಳೆಯುವ ಕೊಳವೆಯ ಸುತ್ತ ಎಣ್ಣೆಯ ಉಂಗುರ ಕಂಡರೆ ಸೀಲ್ ಹೋಗಿದೆ. ಕೊಳವೆಯ ಮೇಲೆ ತುಕ್ಕಿನ ಕಚ್ಚುಗಳಿದ್ದರೆ ಹೊಸ ಸೀಲ್ ಹಾಕಿದರೂ ಮತ್ತೆ ಹರಿಯುತ್ತದೆ. ಡಬಲ್ ಸ್ಟ್ಯಾಂಡ್ ಹಾಕಿ ಮುಂಚಕ್ರ ನೆಲದಿಂದ ಮೇಲೇಳುವಂತೆ ಮಾಡಿ ಹ್ಯಾಂಡಲನ್ನು ಮೆಲ್ಲಗೆ ಎಡದಿಂದ ಬಲಕ್ಕೆ ತಿರುಗಿಸಿದಾಗ ಸರಿಯಾಗಿ ಮಧ್ಯದಲ್ಲಿ ತಡೆದು ನಿಂತಂತಾದರೆ ಬೇರಿಂಗ್ ಸವೆದಿದೆ. ಹ್ಯಾಂಡಲಿನ ತುದಿ, ಲಿವರಿನ ತುದಿ, ಫುಟ್‌ರೆಸ್ಟ್ ಇವು ಮೂರರ ಮೇಲೂ ಒಂದೇ ಬದಿಯಲ್ಲಿ ಸಣ್ಣ ಗೀರುಗಳಿದ್ದರೆ ಬೈಕ್ ನಿಂತಲ್ಲಿ ಬಿದ್ದಿರಬಹುದು, ಅದು ದೊಡ್ಡ ವಿಷಯವಲ್ಲ. ಹ್ಯಾಂಡಲ್ ಪೂರ್ತಿ ತಿರುಗಿದಾಗ ತಾಗುವ ಸ್ಟಾಪರ್ ಜಜ್ಜಿದ್ದರೆ ಅಥವಾ ಹ್ಯಾಂಡಲಿನ ಬುಡದಲ್ಲಿ ಚಾಸಿಯ ಬಣ್ಣ ಬಿರಿದಿದ್ದರೆ ಬೈಕ್ ಓಡುತ್ತಿರುವಾಗಲೇ ಬಲವಾಗಿ ಗುದ್ದಿರುವ ಸಂಭವವಿದೆ. ಅಂಥದನ್ನು ಎಷ್ಟು ಕಡಿಮೆಗೆ ಕೊಟ್ಟರೂ ಬೇಡ. ಕೆಲವು ಹೆಜ್ಜೆ ಹಿಂದೆ ಸರಿದು ಕುಕ್ಕರುಗಾಲಿನಲ್ಲಿ ಕೂತು ಎರಡೂ ಚಕ್ರಗಳು ಒಂದೇ ಗೆರೆಯಲ್ಲಿವೆಯೇ ಎಂದು ನೋಡಿ.

ಟೈರಿನ ಪಕ್ಕದಲ್ಲಿ ಅಂಡಾಕಾರದ ಚೌಕಟ್ಟಿನೊಳಗೆ ನಾಲ್ಕು ಅಂಕಿಗಳಿರುತ್ತವೆ. 2319 ಎಂದಿದ್ದರೆ ಅದು 2019ರ 23ನೇ ವಾರದಲ್ಲಿ ತಯಾರಾದದ್ದು. ಗೀರುಗಳು ಆಳವಾಗಿಯೇ ಉಳಿದಿದ್ದರೂ ಐದಾರು ವರ್ಷ ದಾಟಿದ ರಬ್ಬರ್ ಗಟ್ಟಿಯಾಗಿ ಒದ್ದೆ ರಸ್ತೆಯಲ್ಲಿ ಹಿಡಿತ ಕಳೆದುಕೊಳ್ಳುತ್ತದೆ. ಎರಡು ಹೊಸ ಟೈರ್‌ಗಳ ಬೆಲೆಯನ್ನು ಚೌಕಾಸಿಯಲ್ಲಿ ಕಳೆಯಿರಿ. ಬ್ರೇಕ್ ಡಿಸ್ಕ್ ಮೇಲೆ ಕನಿಷ್ಠ ದಪ್ಪವನ್ನು ಸಾಮಾನ್ಯವಾಗಿ ಮುದ್ರಿಸಿರುತ್ತಾರೆ. ಪೆಟ್ರೋಲ್ ಟ್ಯಾಂಕಿನ ಮುಚ್ಚಳ ತೆಗೆದು ಟಾರ್ಚ್ ಬಿಟ್ಟು ತುಕ್ಕು ಇದೆಯೇ ನೋಡಿ. ಮಲ್ಟಿಮೀಟರ್ ಸಿಕ್ಕಿದರೆ ಬ್ಯಾಟರಿ ಪರೀಕ್ಷಿಸಿ: ಎಂಜಿನ್ ಆಫ್ ಇದ್ದಾಗ 12.5 ವೋಲ್ಟ್‌ಗಿಂತ ಮೇಲೆ, ಸ್ವಲ್ಪ ಆಕ್ಸಿಲರೇಟರ್ ಕೊಟ್ಟಾಗ 13.5ರಿಂದ 14.5ರ ನಡುವೆ ಇರಬೇಕು. ಓಡೋಮೀಟರ್ ತೀರ ಕಡಿಮೆ ಕಿ.ಮೀ. ತೋರಿಸುತ್ತಿದ್ದು, ಗೇರ್ ಲಿವರಿನ ರಬ್ಬರ್ ಮಾತ್ರ ನುಣ್ಣಗೆ ಸವೆದಿದ್ದರೆ ಎರಡರಲ್ಲಿ ಒಂದು ಸುಳ್ಳು ಹೇಳುತ್ತಿದೆ.

ಹಂತ 10: ಓಡಿಸಿ ನೋಡಿ

ಟೆಸ್ಟ್ ರೈಡ್ ಎಂದರೆ ಖಾಲಿ ರಸ್ತೆಯಲ್ಲಿ ಜೋರಾಗಿ ಒಂದು ಸುತ್ತು ಬರುವುದು ಎಂದುಕೊಂಡವರೇ ಹೆಚ್ಚು. ಬೈಕ್ ಹೊಂದುತ್ತದೆಯೇ ಎಂಬುದು ನಿಧಾನದಲ್ಲಿ ಗೊತ್ತಾಗುತ್ತದೆ. ಮೊದಲ ಗೇರಿನಲ್ಲಿ ನಡಿಗೆಯ ವೇಗದಲ್ಲಿ ಸಾಗಿ, ಕ್ಲಚ್ ಲಿವರ್ ಎಲ್ಲಿ ಹಿಡಿಯುತ್ತದೆ ಎಂದು ಗಮನಿಸಿ, ಕಿರಿದಾದ ಜಾಗದಲ್ಲಿ ಯು ತಿರುವು ತೆಗೆದುಕೊಳ್ಳಿ. ನಿಂತಾಗ ನ್ಯೂಟ್ರಲ್ ಸುಲಭವಾಗಿ ಸಿಗಬೇಕು. ಎಲ್ಲ ಗೇರ್‌ಗಳನ್ನೂ ಹಾಕಿ, ಭಾರ ಕೊಟ್ಟಾಗ ಗೇರ್ ತಾನಾಗಿ ಕಳಚಿಕೊಳ್ಳುತ್ತದೆಯೇ ನೋಡಿ. ಮೇಲಿನ ಗೇರಿನಲ್ಲಿ ಆಕ್ಸಿಲರೇಟರ್ ಕೊಟ್ಟಾಗ ಎಂಜಿನ್ ಸದ್ದು ಏರಿಯೂ ವೇಗ ಏರದಿದ್ದರೆ ಕ್ಲಚ್ ಜಾರುತ್ತಿದೆ. ಬ್ರೇಕ್ ಹಿಡಿದಾಗ ಬೈಕ್ ಒಂದು ಬದಿಗೆ ಎಳೆಯಬಾರದು, ಲಿವರ್ ಕೈಯಲ್ಲಿ ಅದುರಬಾರದು. ಇನ್ನೂ ಪರವಾನಗಿ ಸಿಗದವರು ಅನುಭವಿಗಳಿಂದ ಓಡಿಸಿಸಿ, ತಾವು ಕೂತು ನೋಡುವುದಕ್ಕಷ್ಟೇ ನಿಲ್ಲಿಸಬೇಕು.

ಹಂತ 11: ಕಾಗದಪತ್ರ ಮತ್ತು ಬೆಲೆ

ನೋಂದಣಿ ಪತ್ರದಲ್ಲಿರುವ ಚಾಸಿ ಸಂಖ್ಯೆ ಮತ್ತು ಎಂಜಿನ್ ಸಂಖ್ಯೆಗಳನ್ನು ಬೈಕಿನ ಮೇಲೆ ಕೆತ್ತಿರುವುದರೊಂದಿಗೆ ಒಂದೊಂದೇ ಅಕ್ಷರ ಹೋಲಿಸಿ. ಉಜ್ಜಿ ಮತ್ತೆ ಕೆತ್ತಿದಂತೆ ಕಂಡರೆ ಮುಂದುವರಿಯಬೇಡಿ. ಮಾರುವವರ ಹೆಸರು ಮತ್ತು ಪತ್ರದ ಹೆಸರು ಒಂದೇ ಇರಬೇಕು. ಬೈಕಿನ ಮೇಲೆ ಸಾಲ ಬಾಕಿ ಇದ್ದರೆ ಸಾಲ ತೀರಿದ ಪತ್ರ ಕೈಗೆ ಬಂದ ಮೇಲೆಯೇ ಹಣ ಕೊಡಿ. ವಿಮೆ, ತೆರಿಗೆ, ಸರ್ವಿಸ್ ಪುಸ್ತಕ, ಎರಡನೇ ಕೀ ಕೇಳಿ ಪಡೆಯಿರಿ. ಚೌಕಾಸಿಗೆ ಕೂರುವಾಗ ‘ಸ್ವಲ್ಪ ಕಡಿಮೆ ಮಾಡಿ’ ಎನ್ನುವುದಕ್ಕಿಂತ, ಟೈರ್, ಚೈನ್ ಸೆಟ್, ಬ್ಯಾಟರಿ ಎಂದು ಕಂಡ ದೋಷಗಳನ್ನು ಬರೆದು ಪ್ರತಿಯೊಂದರ ಬೆಲೆ ಮುಂದಿಟ್ಟರೆ ಮಾತು ಬೇಗ ಇತ್ಯರ್ಥವಾಗುತ್ತದೆ. ಆ ದಿನವೇ ಮುಂಗಡ ಕೊಡಬೇಕೆಂದು ಒತ್ತಾಯಿಸುವವರನ್ನು ಕೈಬಿಡುವುದರಿಂದ ನಷ್ಟವಿಲ್ಲ. ಹಾಗೆಯೇ ಹೆಸರು ವರ್ಗಾವಣೆ ಮುಗಿಯುವವರೆಗೆ ಬೆಲೆಯ ಒಂದು ಪಾಲನ್ನು ಉಳಿಸಿಕೊಳ್ಳಲು ಮಾರುವವರು ಒಪ್ಪಿದರೆ ಅದಕ್ಕಿಂತ ಒಳ್ಳೆಯದಿಲ್ಲ.

ಹಂತ 12: ಬೈಕ್ ಮನೆಗೆ ಬಂದ ಮೇಲೆ

ಸೆಕೆಂಡ್ ಹ್ಯಾಂಡ್ ಬೈಕಾದರೆ ಮಾರಿದವರು ಏನೇ ಹೇಳಿರಲಿ, ಎಂಜಿನ್ ಆಯಿಲ್, ಆಯಿಲ್ ಫಿಲ್ಟರ್, ಏರ್ ಫಿಲ್ಟರ್ ಬದಲಿಸಿ. ಬ್ರೇಕ್ ಫ್ಲೂಯಿಡ್ ತೇವ ಹೀರಿಕೊಳ್ಳುವ ದ್ರವವಾದ್ದರಿಂದ ಅದನ್ನೂ ಬದಲಿಸಿ, ದಿನಾಂಕ ಬರೆದಿಡಿ. ಹೊಸ ಬೈಕಾದರೆ ಕೈಪಿಡಿಯಲ್ಲಿ ಹೇಳಿರುವ ರನ್‌ಇನ್ ಅವಧಿಯಲ್ಲಿ (ಎಂಜಿನ್ ಪಳಗುವ ಮೊದಲ ಅವಧಿ) ಎಂಜಿನ್ನನ್ನು ವಿಪರೀತ ದುಡಿಸಬೇಡಿ, ಮೊದಲ ಸರ್ವಿಸ್ ತಪ್ಪಿಸಬೇಡಿ. ಟೈರಿನ ಗಾಳಿಯನ್ನು ವಾರಕ್ಕೊಮ್ಮೆ, ಟೈರ್ ತಣ್ಣಗಿರುವಾಗ ನೋಡಿ. ಚೈನಿಗೆ 500ರಿಂದ 1,000 ಕಿ.ಮೀ.ಗೆ ಒಮ್ಮೆ, ಮಳೆಯಲ್ಲಿ ಓಡಿಸಿದ್ದರೆ ಅದಕ್ಕೂ ಮೊದಲೇ, ಸ್ವಚ್ಛ ಮಾಡಿ ಎಣ್ಣೆ ಹಾಕಬೇಕು. ಬ್ರೇಕ್ ಮತ್ತು ಕ್ಲಚ್ ಲಿವರ್‌ಗಳ ಕೋನವನ್ನು ನಿಮ್ಮ ಮುಂಗೈಗೆ ನೇರವಾಗುವಂತೆ ತಿರುಗಿಸಿಕೊಳ್ಳಿ, ಕನ್ನಡಿಗಳಲ್ಲಿ ಮೊಣಕೈ ಕಾಣದೆ ರಸ್ತೆ ಕಾಣುವಂತೆ ಹೊಂದಿಸಿ. ಮೊದಲ ಕೆಲವು ವಾರ ಖಾಲಿ ಮೈದಾನದಲ್ಲಿ 30 ಕಿ.ಮೀ. ವೇಗದಿಂದ ಎರಡೂ ಬ್ರೇಕ್ ಹಿಡಿದು ನೇರವಾಗಿ ನಿಲ್ಲಿಸುವುದನ್ನು ಮತ್ತೆ ಮತ್ತೆ ಅಭ್ಯಾಸ ಮಾಡಿ. ಹಿಂಬದಿ ಸವಾರರನ್ನು ಕೂರಿಸಿಕೊಳ್ಳುವುದು ಅದಾದ ನಂತರವೇ, ಅದೂ ಹಿಂದಿನ ಟೈರಿನ ಗಾಳಿ ಮತ್ತು ಶಾಕ್ ಅಬ್ಸಾರ್ಬರಿನ ಬಿಗಿಯನ್ನು ಕೈಪಿಡಿಯಂತೆ ಹೆಚ್ಚಿಸಿಕೊಂಡ ಮೇಲೆ.